ಮೇಲ್ಮನೆಯಲ್ಲಿ ಸ್ವಂತ ಬಳಕೆಯ ದಿನಗಳು

ನಮ್ಮಪ್ಪನ ಪ್ರಾಮಾಣಿಕತೆಯಿಂದ ನಮ್ಮ ಮನೆಯವರು ಪಟ್ಟಷ್ಟು ಪಾಡನ್ನು ಬೇರೆ ಮನೆಗಳಲ್ಲಿ ಕುಡುಕರಿಂದಲೂ ಪಟ್ಟಿರಲಿಕ್ಕಿಲ್ಲ. ಅಪ್ಪ ಮೂವತ್ತೊಂದು ವರ್ಷ ಅಮೆರಿಕದ ಮಿಲ್ವಾಕೀ ನಗರಸಭೆಯಲ್ಲಿ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಆಗಿದ್ದವನು. ಕಟುಕರ ತಕ್ಕಡಿ, ಪೆಟ್ರೋಲ್ ಪಂಪು, ಸೌದೆ ಮಾರುವವನ ಗಾಡಿ, ಎಲ್ಲವೂ ಅವನ ಕೈಯಲ್ಲಿ ಹಾದುಹೋಗಬೇಕಿತ್ತು. ನನಗೆ ಐದು ವರ್ಷವಾಗಿದ್ದಾಗ ಒಬ್ಬ ಮಾಂಸದಂಗಡಿಯವನು ಪ್ರೀತಿಯಿಂದ ನನ್ನ ಕೈಗೆ ಒಂದು ತುಂಡು ಸಾಸೇಜ್ ಕೊಟ್ಟಿದ್ದ. ಅಪ್ಪ ಅದನ್ನು ನನ್ನ ಬಾಯಿಂದ ಈಚೆ ತೆಗೆಸಿ, ಅವನದೇ ತಕ್ಕಡಿಯಲ್ಲಿಟ್ಟು ತೂಗಿ, ಹನ್ನೊಂದು ಸೆಂಟು ಎಣಿಸಿಟ್ಟು, ಆಮೇಲೆ ನನಗೆ ವಾಪಸು ಕೊಟ್ಟ. ಕಚ್ಚಿದ ಭಾಗಕ್ಕೂ ಅಂದಾಜು ಸೇರಿಸಿದ್ದ.

ಇಂಥ ಮನುಷ್ಯನಿಗೆ ಮೂರು ವರ್ಷದ ಹಿಂದೆ ಸರ್ಕಾರದಿಂದ ಒಂದು ಪತ್ರ ಬಂತು. ನಮ್ಮದು ಎರಡು ಅಂತಸ್ತಿನ ಮನೆ. ಕೆಳಗೆ ಅಪ್ಪ, ಮೇಲೆ ಬಾಡಿಗೆಯವರು. ಅಮ್ಮನ ಕಾಯಿಲೆಗೆಂದು, ಆಮೇಲೆ ಸೋರುವ ಸೂರಿನ ರಿಪೇರಿಗೆಂದು ಮನೆಯ ಮೇಲೆ ಮತ್ತೆ ಸಾಲ ತೆಗೆದಿದ್ದರಿಂದ ಎಪ್ಪತ್ತೊಂದನೇ ವಯಸ್ಸಿನಲ್ಲೂ ಅಪ್ಪ ಬ್ಯಾಂಕಿಗೆ ಬಡ್ಡಿ ಕಟ್ಟುತ್ತಿದ್ದ. ತೆರಿಗೆಯ ಲೆಕ್ಕದಲ್ಲಿ ವರ್ಷದ ಬಡ್ಡಿಯ ಅರ್ಧವನ್ನು ಬಾಡಿಗೆ ಮನೆಯ ಖರ್ಚಿಗೆ, ಇನ್ನರ್ಧವನ್ನು ತಾನು ವಾಸಿಸುವ ಮನೆಯ ಲೆಕ್ಕಕ್ಕೆ ಹಾಕಬೇಕು. ಅಪ್ಪ ತೆರಿಗೆಯ ಸಾಫ್ಟ್‌ವೇರಿನಲ್ಲಿ ಕೇಳಿದ ಕಡೆಯಲ್ಲೆಲ್ಲ ಪೂರ್ತಿ ಬಡ್ಡಿಯನ್ನೇ ಬರೆದ. ಅದು ಎರಡು ಕಡೆ ಕೇಳಿತು, ಇವನು ಎರಡು ಕಡೆಯೂ ನಿಜ ಹೇಳಿದ. ಸರ್ಕಾರದವರು ಬಹಳ ಮರ್ಯಾದೆಯಿಂದಲೇ ಕಮ್ಮಿ ಬಿದ್ದ ತೆರಿಗೆಯನ್ನು ಕೇಳಿದ್ದರು. ಆದರೆ ಅಪ್ಪ ಒಂದು ತಿಂಗಳು ಆ ಪತ್ರವನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ, ಪೊಲೀಸರು ಬಂದರೆ ಹುಡುಕುವ ಕಷ್ಟ ಆಗಬಾರದು ಅಂತ.

ಅಂದಿನಿಂದ ಪ್ರತಿ ಮಾರ್ಚ್ ತಿಂಗಳ ಒಂದು ಭಾನುವಾರ ನಾನು ಅಪ್ಪನ ಅಡುಗೆಮನೆಯ ಮೇಜಿನ ಮುಂದೆ ಹಾಜರು. ನಾನು ಪಾಲೆಟ್. ಕನ್ನಡಕದ ಅಂಗಡಿಯಲ್ಲಿ ಕೆಲಸ, ವಯಸ್ಸು ನಲವತ್ತನಾಲ್ಕು, ಗಂಡನಿಲ್ಲ, ನಾಲಿಗೆ ಇದೆ.

ಎಲ್ಲ ಭಾನುವಾರಗಳ ಹಾಗೆ ಈ ಸಲವೂ ದಾರಿಯಲ್ಲಿ ಬೇಕರಿಗೆ ಹೋಗಿ ಹಂದಿಮಾಂಸದ ಬಿಸಿ ಹ್ಯಾಮ್ ತೆಗೆದುಕೊಂಡೆ, ಜೊತೆಗೆ ಪುಕ್ಕಟೆ ಕೊಡುವ ಅರ್ಧ ಡಜನ್ ಬನ್ನುಗಳನ್ನೂ. ಅಪ್ಪ ಆಗಲೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಪಾದ್ರಿಯ ಮುಂದೆ ತಪ್ಪೊಪ್ಪಿಗೆಗೆ ಕೂತ ಮುಖ. ಗೋಡೆಯ ಶೆಲ್ಫಿನ ಮೇಲೆ ಏಳು ಶೂ ಡಬ್ಬಿಗಳು, ಒಂದೊಂದರ ಮೇಲೂ ಒಂದೊಂದು ವರ್ಷ. ತೆರಿಗೆಯ ಕಾಗದವನ್ನು ಏಳು ವರ್ಷ ಇಟ್ಟಿರಬೇಕು ಅಂತ ಯಾರೋ ಹೇಳಿದ್ದರು. ಅಪ್ಪನಿಗೆ ಅದು ಧರ್ಮಶಾಸ್ತ್ರ.

"ಬಡ್ಡಿ ಕಾಗದ ಎಲ್ಲಿ?" ಅಂದೆ.

"ಇದೋ. ಆರು ಸಾವಿರದ ನಾನೂರ ಹನ್ನೆರಡು. ಅರ್ಧ ಮೂರು ಸಾವಿರದ ಇನ್ನೂರ ಆರು. ಎಂಟು ಸಲ ಭಾಗಿಸಿ ನೋಡಿದೀನಿ."

"ಎರಡರಿಂದ ಭಾಗಿಸೋದು ಎಂಟು ಸಲ ಯಾಕಪ್ಪಾ?"

"ಹೋದ ಸಲ ಏನಾಯ್ತು ಗೊತ್ತಲ್ಲ?"

"ಅದು ಹೋದ ಸಲ ಅಲ್ಲ, ಮೂರು ವರ್ಷದ ಹಿಂದೆ."

"ಸರ್ಕಾರಕ್ಕೆ ಮೂರು ವರ್ಷ ಅಂದ್ರೆ ನಿನ್ನೆ ಇದ್ದ ಹಾಗೆ," ಅಂದು ಅಪ್ಪ ಒಂದೇ ಬೆರಳಲ್ಲಿ ಕೀಲಿ ಒತ್ತತೊಡಗಿದ. ಒತ್ತುವ ಕೆಲಸ ಅವನದೇ. ನಾನು ಪಕ್ಕದಲ್ಲಿ ಕೂತು ತಪ್ಪಿದಾಗ ಚೀರಬೇಕು, ಅಷ್ಟೇ.

ಆ ಸಾಫ್ಟ್‌ವೇರಿನ ಮೇಲ್ಗಡೆ ಮೂಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ವಾಪಸು ಬರುವ ಹಣವಾದರೆ ಹಸಿರು, ನಾವೇ ಕೊಡಬೇಕಾದರೆ ಕೆಂಪು. ಒಂದೊಂದು ಉತ್ತರಕ್ಕೂ ಅದು ಏರುತ್ತದೆ, ಇಳಿಯುತ್ತದೆ. ಬಡ್ಡಿಯ ಅರ್ಧ ತುಂಬಿದಾಗ ಹಸಿರು ಏರಿತು. ವಿಮೆ, ಮನೆ ತೆರಿಗೆ, ಎಲ್ಲದರ ಅರ್ಧರ್ಧ ತುಂಬಿದ ಮೇಲೆ ಅದು ಸಾವಿರದ ನೂರ ನಲವತ್ತು ಡಾಲರಿಗೆ ನಿಂತಿತು. ಅಪ್ಪ ಉಸಿರು ಬಿಟ್ಟ. ನಾನು ರಿಪೇರಿಯ ರಸೀದಿಗಳಿಗಾಗಿ ಡಬ್ಬಿಯಲ್ಲಿ ಕೈಯಾಡಿಸಿದೆ.

ಕೈಗೆ ಸಿಕ್ಕಿದ್ದು ರಸೀದಿಯಲ್ಲ. ನಾಲ್ಕಾಗಿ ಮಡಿಸಿದ ಒಂದು ಕಾಗದ. 'ಮಾನ್ಯ ಜಸಿನ್ಸ್ಕಿ ಅವರಿಗೆ. ನಾನು ಮೇ ತಿಂಗಳ ಕೊನೆಗೆ ಮೇಲ್ಮನೆಯನ್ನು ಖಾಲಿ ಮಾಡಿ ಅರಿಜೋನಾದಲ್ಲಿರುವ ನನ್ನ ತಂಗಿಯ ಮನೆಗೆ ಹೋಗುವವಳಿದ್ದೇನೆ. ದಯವಿಟ್ಟು ಇದನ್ನು ಬಾಡಿಗೆದಾರಳ ಸೂಚನೆ ಎಂದು ಪರಿಗಣಿಸಿ. ಇತಿ, ಅರ್ಡಿಸ್ ಕ್ರೂಗರ್.'

ಮಿಸೆಸ್ ಕ್ರೂಗರ್ ನಾಲ್ಕು ವರ್ಷದಿಂದ ಮೇಲ್ಮನೆಯಲ್ಲಿರುವ ವಿಧವೆ. ಶಾಲೆಯೊಂದರಲ್ಲಿ ಊಟದ ಅಡುಗೆ ಮಾಡಿ ನಿವೃತ್ತಳಾದವಳು. ಮುನ್ನೂರು ಮಕ್ಕಳನ್ನು ಒಂದು ಸೌಟಿನಿಂದ ಹದ್ದುಬಸ್ತಿನಲ್ಲಿಟ್ಟ ಹೆಂಗಸು ಅನ್ನುವುದು ನೋಡಿದರೆ ಗೊತ್ತಾಗುತ್ತದೆ.

"ಇದೇನಪ್ಪಾ?"

"ವ್ಯವಹಾರದ ಕಾಗದ," ಅಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಬಾಡಿಗೆಗೆ ಸಂಬಂಧಪಟ್ಟಿದ್ದು. ಅದಕ್ಕೇ ಡಬ್ಬಿಗೆ ಹಾಕಿದೆ."

"ಯಾವಾಗ ಕೊಟ್ರು?"

"ಫೆಬ್ರವರಿ ಮೂರು. ಮಧ್ಯಾಹ್ನ."

"ನೀನೇನಂದೆ?"

"ಸಿಕ್ಕಿತು ಅಂದೆ."

"ಅಷ್ಟೇನಾ?"

"ಇನ್ನೇನು ಹೇಳ್ಲಿ? ಎರಡು ತಿಂಗಳಿಗಿಂತ ಮುಂಚೆ ತಿಳಿಸಿದಾರೆ. ನಿಯಮದ ಪ್ರಕಾರವೇ ಇದೆ."

ನಾನು ಮಗಳು, ಜೊತೆಗೆ ಸ್ವಲ್ಪ ದುರಾಸೆಯವಳು. "ಒಳ್ಳೇದೇ ಆಯ್ತು ಬಿಡು. ಈಗ ಆ ಮನೆಗೆ ಇನ್ನೂರು ಡಾಲರ್ ಜಾಸ್ತಿ ಸಿಗತ್ತೆ," ಅಂದೆ. ಅಪ್ಪ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮೊದಲಿದ್ದ ಮಡಿಕೆಯಲ್ಲೇ ಮಡಿಸಿ, ಮೇಜಿನ ಮೇಲಿಟ್ಟು, ಅಂಗೈಯಲ್ಲಿ ಎರಡು ಸಲ ಸವರಿದ. ವ್ಯವಹಾರದ ಕಾಗದವನ್ನು ಯಾರೂ ಹಾಗೆ ಸವರುವುದಿಲ್ಲ. ಆದರೆ ಆಗ ನನ್ನ ತಲೆಗೆ ಅದು ಹೊಳೆಯಲಿಲ್ಲ.

ಮುಂದಿನ ಪ್ರಶ್ನೆ ಪರದೆಯ ಮೇಲೆ ಬಂತು. ಮೇಲ್ಮನೆಯನ್ನು ವರ್ಷದಲ್ಲಿ ಎಷ್ಟು ದಿನ ಬಾಡಿಗೆಗೆ ಕೊಟ್ಟಿದ್ದಿರಿ? ಅಪ್ಪ ಮುನ್ನೂರ ಅರವತ್ತೈದು ಅಂತ ಒತ್ತಿದ. ಅದರ ಕೆಳಗೆ: ಅದನ್ನು ನೀವು ಸ್ವಂತಕ್ಕೆ ಬಳಸಿದ ದಿನಗಳೆಷ್ಟು?

ಹಿಂದಿನ ಎರಡು ವರ್ಷ ಇಲ್ಲಿ ನಾನೇ ಕೈ ಚಾಚಿ ಸೊನ್ನೆ ಒತ್ತಿ ಮುಂದೆ ಹೋಗಿದ್ದೆ. ಈ ಸಲ ನನ್ನ ಕೈಯಲ್ಲಿ ಸಾಸಿವೆ ಹಚ್ಚಿದ ಬನ್ನು ಇತ್ತು. ಅಷ್ಟರಲ್ಲಿ ಅಪ್ಪ ಎದ್ದ. ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನ ಹಿಂದಿನಿಂದ ಹೋದ ವರ್ಷದ ಕ್ಯಾಲೆಂಡರನ್ನು ತೆಗೆದ. ಪೋಲೆಂಡ್ ಮೂಲದವರೇ ಇರುವ ನಮ್ಮ ಬೀದಿಯ ಶವಸಂಸ್ಕಾರದವರು ಪ್ರತಿ ಕ್ರಿಸ್ಮಸ್‌ಗೆ ಮನೆಮನೆಗೂ ಹಂಚುವ ಕ್ಯಾಲೆಂಡರ್ ಅದು, ಸಂತರ ಚಿತ್ರ ಮೇಲೆ, ಫೋನ್ ನಂಬರ್ ಕೆಳಗೆ. ಅಪ್ಪ ತಿಂಗಳು ತಿಂಗಳು ಮಗುಚುತ್ತ ತುಟಿಯಲ್ಲೇ ಎಣಿಸಿದ. ಇಣುಕಿ ನೋಡಿದೆ. ತಾರೀಖುಗಳ ಮೂಲೆಯಲ್ಲಿ ಹಸಿರು ಪೆನ್ಸಿಲಿನ ಚುಕ್ಕೆಗಳು. ಎಲ್ಲಿ ನೋಡಿದರೂ ಚುಕ್ಕೆಗಳು.

ಕೂತು ಒತ್ತಿದ: 2, 1, 2.

ಪರದೆ ಒಂದು ಕ್ಷಣ ಯೋಚಿಸಿ ಹೀಗಂದಿತು: ಬಾಡಿಗೆಯ ದಿನಗಳೂ ಸ್ವಂತ ಬಳಕೆಯ ದಿನಗಳೂ ಸೇರಿ 577 ಆಗುತ್ತಿವೆ. ವರ್ಷದಲ್ಲಿ ಇಷ್ಟು ದಿನಗಳಿರುವುದಿಲ್ಲ. ದಯವಿಟ್ಟು ಪರಿಶೀಲಿಸಿ.

"ಇನ್ನೂರ ಹನ್ನೆರಡು ಏನಪ್ಪಾ?" ಬನ್ನನ್ನು ಕೆಳಗಿಟ್ಟೆ.

"ಮೇಲ್ಮನೆಗೆ ಹೋಗಿದ್ದ ದಿನಗಳು."

"ಏನು ಮಾಡೋಕೆ?"

"ಊಟಕ್ಕೆ." ಸ್ವಲ್ಪ ತಡೆದು, "ಆಮೇಲೆ ಇಸ್ಪೀಟು. ಫುಟ್‌ಬಾಲ್ ಇದ್ದ ದಿನ ಫುಟ್‌ಬಾಲ್," ಅಂದ.

ಅಮ್ಮ ಹೋಗಿ ಆರು ವರ್ಷ. ಪ್ರತಿ ಸಂಜೆ ಐದಕ್ಕೆ ಫೋನ್ ಮಾಡುತ್ತೇನೆ. ಒಬ್ಬನೇ ಇದ್ದಾನೆ ಅಂತ ಟೊಮ್ಯಾಟೊ ಸೂಪಿನ ಡಬ್ಬಿಗಳನ್ನು ರಿಯಾಯಿತಿಯಲ್ಲಿ ಡಜನ್‌ಗಟ್ಟಲೆ ಹೊತ್ತು ತಂದಿದ್ದೇನೆ. ಅವನು ಒಂಟಿಯಾಗಿ ಬಟ್ಟಲ ಮುಂದೆ ಕೂತಿರುವುದನ್ನು ನೆನೆದು ಕಾರಿನಲ್ಲಿ ಅತ್ತಿದ್ದೇನೆ, ಒಂದು ಸಲವಲ್ಲ.

"ನಂಗೆ ಸೂಪ್ ಕುಡಿದೆ ಅಂತ ಸುಳ್ಳು ಹೇಳ್ತಿದ್ದೆ!"

"ಸುಳ್ಳು ಹೇಳಿಲ್ಲ," ಅಪ್ಪ ನೆಟ್ಟಗೆ ಕೂತ. "ನೀನು 'ಸೂಪ್ ಇದೆಯಾ' ಅಂತ ಕೇಳ್ತಿದ್ದೆ. ನಾನು 'ಇದೆ' ಅಂತಿದ್ದೆ. ಇತ್ತು."

"ಎಲ್ಲಿದೆ ಈಗ?"

"ನೆಲಮಾಳಿಗೆಯಲ್ಲಿ ನಲವತ್ತು ಇದೆ. ಮಿಕ್ಕಿದ್ದು ಚರ್ಚಿನ ಬಡವರಿಗೆ ಕೊಟ್ಟೆ. ಅವ್ರೂ ಸಾಕು ಅಂದ್ರು."

ಮೈಯೆಲ್ಲ ಉರಿಯಿತು. ಅದರಲ್ಲಿ ಎಷ್ಟು ಸಿಟ್ಟು, ಎಷ್ಟು ಹೊಟ್ಟೆಕಿಚ್ಚು, ಎಷ್ಟು ಅಮ್ಮನ ನೆನಪು ಅಂತ ತೂಗಿ ಹೇಳಲು ನಮ್ಮಪ್ಪನಿಂದ ಮಾತ್ರ ಸಾಧ್ಯ. ಅವನೋ ಆಗಲೇ ಪರದೆಯ ಕಡೆ ತಿರುಗಿದ್ದ. "ವರ್ಷಕ್ಕೆ ಇರೋದೇ ಮುನ್ನೂರ ಅರವತ್ತೈದು. ಅದೂ ಸರಿ. ಹಾಗಾದ್ರೆ ಬಾಡಿಗೆ ದಿನ ನೂರ ಐವತ್ತಮೂರು," ಅಂತ ಗೊಣಗುತ್ತ ತಿದ್ದಿಯೇಬಿಟ್ಟ.

ಮೂಲೆಯ ಸಂಖ್ಯೆ ಸರ್ರನೆ ಇಳಿಯಿತು. ಎಂಟುನೂರು, ನಾನೂರು, ಮೂವತ್ತು, ಆಮೇಲೆ ಕೆಂಪು. ಸರ್ಕಾರಕ್ಕೆ ನಾವೇ ತೊಂಬತ್ತಾರು ಡಾಲರ್ ಕೊಡಬೇಕು. ಸಾವಿರದ ಇನ್ನೂರ ಮೂವತ್ತಾರು ಡಾಲರ್ ಒಂದು ಹಸಿರು ಪೆನ್ಸಿಲಿನ ಚುಕ್ಕೆಗಳಿಗೆ ಹೋಗಿತ್ತು.

"ಅಪ್ಪಾ, ಕೈ ತೆಗಿ! ಇದು ಆ ಲೆಕ್ಕ ಅಲ್ಲ. ಸ್ವಂತ ಬಳಕೆ ಅಂದ್ರೆ ಬಾಡಿಗೆಯವರಿಲ್ಲದಾಗ ನೀನೇ ಅಲ್ಲಿ ವಾಸ ಮಾಡೋದು. ಅವ್ರು ಬಾಡಿಗೆ ಕೊಟ್ಟು ಇದಾರೆ, ಅದು ಅವ್ರ ಮನೆ. ನೀನು ಅಲ್ಲಿಗೆ ಅತಿಥಿಯಾಗಿ ಹೋಗಿದೀಯ. ಅತಿಥಿ ಎಷ್ಟು ದಿನ ಬಂದ್ರೂ ಸೊನ್ನೆ. ಸೊನ್ನೆ ಅಂತ ಬರಿ."

"ನಾನು ಅತಿಥಿ ಅಲ್ಲ."

"ಅಲ್ದೆ?"

"ಅತಿಥಿ ಪಾತ್ರೆ ತೊಳೀತಾನಾ? ನನ್ನ ಚಪ್ಪಲಿ ಅಲ್ಲಿದೆ. ಬಿಪಿ ಮಾತ್ರೆ ಅವ್ರ ಕಾಫಿ ಡಬ್ಬಿ ಪಕ್ಕ ಇದೆ. ಕಿಟಕಿ ಹತ್ರದ ಕುರ್ಚೀಲಿ ಅವ್ರು ಬೇರೆ ಯಾರನ್ನೂ ಕೂರಿಸಲ್ಲ, ಒಂದ್ಸಲ ಅವ್ರ ಚರ್ಚಿನ ಪಾದ್ರಿಯನ್ನೇ ಅಲ್ಲಿಂದ ಎಬ್ಬಿಸಿದಾರೆ. ಇಷ್ಟೆಲ್ಲ ಇಟ್ಕೊಂಡು ಅತಿಥಿ ಅಂತ ಸರ್ಕಾರಕ್ಕೆ ಹೇಳ್ಲಾ? ಕೆಳಗಡೆ ಸಹಿ ಹಾಕ್ಬೇಕು ಪಾಲಿ, ಎಲ್ಲ ಸತ್ಯ ಅಂತ."

"ಸಾವಿರದ ನೂರ ನಲವತ್ತು ಡಾಲರಪ್ಪಾ! ಅತಿಥಿ ಅನ್ನು, ಸಾಕು! ಅತಿಥಿ!"

ನಾನು ಇದನ್ನು ಬಹುಶಃ ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದ್ದೆ. ಹಿತ್ತಿಲ ಮೆಟ್ಟಿಲಿನ ಬಾಗಿಲು ತೆರೆಯಿತು. ಮಿಸೆಸ್ ಕ್ರೂಗರ್ ಏಪ್ರನ್ ಕಟ್ಟಿಕೊಂಡು, ಖಾಲಿ ತಟ್ಟೆ ಹಿಡಿದು ನಿಂತಿದ್ದಳು. ಭಾನುವಾರ ನಾನು ಹೊರಟ ಮೇಲೆ ತನ್ನ ಪಾಲಿನ ಮೂರು ಬನ್ನು ಒಯ್ಯಲು ಬರುವ ಪದ್ಧತಿ ಅಂತ ಆಮೇಲೆ ಗೊತ್ತಾಯಿತು. ಪ್ರತಿ ವಾರ ಅರ್ಧ ಡಜನ್ ಬನ್ನು ಅಪ್ಪನಿಗೆ ಹೇಗೆ ಖರ್ಚಾಗುತ್ತದೆ ಅನ್ನುವ ನನ್ನ ಹಳೆಯ ಅನುಮಾನವೂ ತೀರಿತು.

"ಯಾರು ಅತಿಥಿ?" ಅಂದಳು.

ಅಪ್ಪ ಎದ್ದು ನಿಂತ. ಅವನ ಕಿವಿ ಎರಡೂ ಹ್ಯಾಮಿನ ಬಣ್ಣಕ್ಕೆ ಬಂದಿದ್ದವು.

ಇವನ ಬಾಯಿಂದ ಬರುವುದಿಲ್ಲ ಅಂತ ನಾನೇ ಕೇಳಿದೆ. "ಮಿಸೆಸ್ ಕ್ರೂಗರ್, ನಮ್ಮಪ್ಪ ನಿಮ್ಮನೆಗೆ ಬರ್ತಾರಲ್ಲ, ಅತಿಥಿ ಅಲ್ವಾ? ತೆರಿಗೆಗೆ ಬೇಕಾಗಿತ್ತು, ಅಷ್ಟೇ."

ಅವಳು ನನ್ನನ್ನು ನೋಡಲಿಲ್ಲ. ಮೇಜಿನ ಮೇಲಿದ್ದ ಮಡಿಸಿದ ಕಾಗದವನ್ನು ನೋಡಿದಳು. ಆಮೇಲೆ ಅಪ್ಪನನ್ನು.

"ನನ್ನ ಕಾಗದ ತೆರಿಗೆ ಡಬ್ಬೀಲಿ ಇಟ್ಟಿದೀರಾ ಜಸಿನ್ಸ್ಕಿ ಅವ್ರೇ?"

"ಬಾಡಿಗೆ ವಿಷಯ ಅಲ್ವಾ, ಮಿಸೆಸ್ ಕ್ರೂಗರ್. ಅದಕ್ಕೆ."

"ಹೌದೌದು. ಬಾಡಿಗೆ ವಿಷಯವೇ." ತಟ್ಟೆಯನ್ನು ಸಿಂಕಿನ ಪಕ್ಕ ಇಟ್ಟಳು, ಮೆಲ್ಲಗಲ್ಲ. "ಜನವರಿಯಲ್ಲಿ ನಿಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರದ ಮೀನಿನ ಊಟ. ನೆನಪಿದೆಯಾ? ನಾನು ನೀಲಿ ಕೋಟು ಹಾಕಿದ್ದೆ. ನಿಮ್ಮ ಇಸ್ಪೀಟಿನ ಗೆಳೆಯ ಬಂದು 'ಇವರ್ಯಾರು ಕ್ಲೆಮೆಂಟ್' ಅಂದ. ನೀವೇನಂದ್ರಿ?"

ಅಪ್ಪ ಮೇಜಿನ ಮೇಲಿದ್ದ ಕ್ಯಾಲೆಂಡರಿನ ಅಂಚನ್ನು ನೇರ ಮಾಡಿದ.

"'ನಮ್ಮ ಮೇಲ್ಮನೆ ಬಾಡಿಗೆಯವರು' ಅಂದ್ರಿ. ಆಲೂಗಡ್ಡೆ ದೋಸೆ ತಟ್ಟೇಲೇ ಬಿಟ್ಟು ಎದ್ದೆ. ಸರಿ, ಬಾಡಿಗೆಯವಳು ಅಂದ್ಮೇಲೆ ಬಾಡಿಗೆಯವಳ ಹಾಗೇ ಕಾಗದ ಬರ್ದು ಕೊಟ್ಟೆ. ಅದಕ್ಕೆ ನೀವು 'ಸಿಕ್ಕಿತು' ಅಂದ್ರಿ. ರಸೀದಿ ಒಂದು ಕೊಟ್ಟಿಲ್ಲ, ಅಷ್ಟೇ."

ನಾನು ಆವರೆಗೆ ಅವಳ ಮೇಲೆ ಕೆಂಡ ಕಾರುತ್ತಿದ್ದವಳು, ಇದ್ದಕ್ಕಿದ್ದ ಹಾಗೆ ಅಪ್ಪನ ಮೇಲೆ ಕಾರತೊಡಗಿದೆ. ನಲವತ್ತು ವರ್ಷ ಅಮ್ಮನನ್ನು ಮುದ್ದಿನಿಂದ ನೋಡಿಕೊಂಡ ಮನುಷ್ಯ ಇಷ್ಟು ಬೆಪ್ಪನೇ? "ಅಪ್ಪಾ, ಏನಾದ್ರೂ ಮಾತಾಡು," ಅಂದೆ.

"ನಾನು ಇನ್ನೂರ ಹನ್ನೆರಡು ಅಂತ ಬರೆದಿದೀನಿ," ಅಂದ ಅಪ್ಪ.

"ಏನದು?"

"ನಿಮ್ಮನೆಗೆ ಬಂದ ದಿನಗಳು. ಸ್ವಂತ ಬಳಕೆ ಎಷ್ಟು ದಿನ ಅಂತ ಸರ್ಕಾರ ಕೇಳಿತು. ಅತಿಥಿ ಅನ್ನು, ದುಡ್ಡು ಬರತ್ತೆ ಅಂತ ಪಾಲಿ ಹೇಳ್ತಾಳೆ. ನಾನು ಆಗಲ್ಲ ಅಂದೆ." ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಅಲ್ಲಿ ಕೆಂಪಗೆ ತೊಂಬತ್ತಾರು.

ಮಿಸೆಸ್ ಕ್ರೂಗರ್ ಕನ್ನಡಕ ಸರಿಪಡಿಸಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಬಹಳ ಹೊತ್ತು ನೋಡಿದಳು. ಈಗ ಕರಗುತ್ತಾಳೆ ಅಂದುಕೊಂಡೆ.

"ತಪ್ಪು," ಅಂದಳು.

"ಏನು ತಪ್ಪು?"

"ಲೆಕ್ಕ ತಪ್ಪು!" ಅಂದವಳೇ ಹಿತ್ತಿಲ ಮೆಟ್ಟಿಲನ್ನು ದಡದಡ ಹತ್ತಿದಳು. ನಮ್ಮ ತಲೆಯ ಮೇಲೆ ಅವಳ ಹೆಜ್ಜೆ ಅಡುಗೆಮನೆಯವರೆಗೆ ಹೋಗಿ ವಾಪಸು ಬಂತು. ಇಳಿದು ಬಂದವಳ ಕೈಯಲ್ಲಿ ಇನ್ನೊಂದು ಕ್ಯಾಲೆಂಡರ್. ಇದು ಅವಳ ಪಂಗಡದವರಾದ ಜರ್ಮನ್ ಲುಥೆರನ್ನರ ಕಡೆಯ ಶವಸಂಸ್ಕಾರದವರದ್ದು, ಸಂತರ ಬದಲು ಸರೋವರದ ಚಿತ್ರಗಳು. ಒಂದೊಂದು ಚೌಕದಲ್ಲೂ ಇರುವೆ ಸಾಲಿನಂಥ ಅಕ್ಷರ: ಕ್ಲೆ., ಹಂದಿ ಚಾಪ್ಸ್. ಕ್ಲೆ., ಕೋಸಿನ ಪಲ್ಯ, ಸಾಸೇಜ್. ಕ್ಲೆ., ಉಪ್ಪು ಕಮ್ಮಿ ಅಂದ್ರು.

"ಇನ್ನೂರ ಹತ್ತೊಂಬತ್ತು," ಅಂದಳು. "ಶಾಲೇಲಿ ಮೂವತ್ತು ವರ್ಷ ತಟ್ಟೆ ಎಣಿಸಿದವಳು ನಾನು. ಏಳು ಎಲ್ಲಿ ಹೋಯ್ತು?"

ಅಪ್ಪನೊಳಗಿನ ಇನ್‌ಸ್ಪೆಕ್ಟರ್ ಎಚ್ಚರಗೊಂಡ. ಎರಡು ಕ್ಯಾಲೆಂಡರನ್ನು ಪಕ್ಕಪಕ್ಕ ಹರಡಿ, ಇಬ್ಬರೂ ಬೆರಳಿಟ್ಟು ತಾಳೆ ನೋಡತೊಡಗಿದರು. ಜನವರಿ ಸರಿ. ಫೆಬ್ರವರಿಯಲ್ಲಿ ಎರಡು ಕಮ್ಮಿ. ಏಪ್ರಿಲಿನಲ್ಲಿ ಒಂದು. ನವೆಂಬರಿನಲ್ಲಿ ಮೂರು. ಡಿಸೆಂಬರಿನಲ್ಲಿ ಒಂದು.

"ಓ, ಇವಾ?" ಅಪ್ಪನ ಮುಖದಲ್ಲಿ ಗೆಲುವು. "ಇವು ರಿಪೇರಿ ದಿನಗಳು. ನಲ್ಲಿ ಎರಡು ದಿನ, ಕಿಟಕಿ ಒಂದು, ಹೀಟರಿನ ತಿರುಪು ಮೂರು, ಕರೆಗಂಟೆ ಒಂದು. ಮಾಲೀಕ ಇಡೀ ದಿನ ರಿಪೇರಿಗೆ ಹೋಗಿದ್ರೆ ಅದು ಸ್ವಂತ ಬಳಕೆಗೆ ಬರಲ್ಲ. ಅಲ್ಲೇ ಸಹಾಯದ ಪುಟದಲ್ಲಿ ಬರೆದಿದೆ, ನಾನು ಪೂರ್ತಿ ಓದಿದೀನಿ."

"ಇಡೀ ದಿನ!" ಮಿಸೆಸ್ ಕ್ರೂಗರ್ ಸೊಂಟಕ್ಕೆ ಕೈ ಕೊಟ್ಟಳು. "ಫೆಬ್ರವರಿ ಹದಿನಾಲ್ಕು. ನಲ್ಲಿ ತಿರುಗಿಸೋಕೆ ಐದು ನಿಮಿಷ. ಆಮೇಲೆ ಮೂರು ಚಾಪ್ಸ್, ಸೇಬಿನ ಕೇಕು, ಎರಡು ಬ್ರಾಂಡಿ, ಒಂಬತ್ತು ಆಟ ಇಸ್ಪೀಟು. ಒಂಬತ್ತರಲ್ಲಿ ಆರು ನೀವು ಸೋತ್ರಿ. ಇದು ರಿಪೇರೀನಾ? ಹೇಳಿ ಪಾಲೆಟ್, ಇದು ರಿಪೇರೀನಾ?"

"ಹದಿನಾಲ್ಕನೇ ತಾರೀಖಾ? ಪ್ರೇಮಿಗಳ ದಿನ ನಲ್ಲಿ ರಿಪೇರಿಗೆ ಹೋದ್ಯಾ ಅಪ್ಪಾ?" ಅಂದೆ.

"ಸೋರ್ತಿತ್ತು," ಅಂದ ಅಪ್ಪ.

"ಸೋರ್ತಿರಲಿಲ್ಲ," ಅಂದಳು ಅವಳು. "ನಾನೇ ಸಡಿಲ ಮಾಡಿದ್ದೆ."

ತಾನು ಏನು ಹೇಳಿಬಿಟ್ಟೆ ಅಂತ ಅವಳು ಕೆನ್ನೆ ಕೆಂಪಾಗಿಸಿಕೊಂಡು ಏಪ್ರನ್ನಿನ ಅಂಚು ಹಿಡಿದಳು. ಆದರೂ ಬಿಡಲಿಲ್ಲ. "ನೀವು ಊರಿನವರ ತಕ್ಕಡಿಯನ್ನೆಲ್ಲ ಹಿಡಿದವರು ಜಸಿನ್ಸ್ಕಿ ಅವ್ರೇ. ನನಗೆ ಮಾತ್ರ ತೂಕದಲ್ಲಿ ಮೋಸ ಮಾಡಿದ್ರಿ. ಏಳು ದಿನ."

ಅಪ್ಪನಿಗೆ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ತಾಗುತ್ತಿರಲಿಲ್ಲ. ಅವನು ಜನ್ಮದಲ್ಲಿ ಕೇಳಬಾರದು ಅಂದುಕೊಂಡಿದ್ದ ಮಾತು ಅದೊಂದೇ. ಮೆಲ್ಲಗೆ ಕೂತ. ಜೇಬಿನಿಂದ ಹಸಿರು ಪೆನ್ಸಿಲ್ ತೆಗೆದ. ಫೆಬ್ರವರಿಯ ಪುಟ ತೆರೆದು ಎರಡು ಚುಕ್ಕೆ ಇಟ್ಟ. ಏಪ್ರಿಲಿಗೆ ಒಂದು. ನವೆಂಬರಿಗೆ ಮೂರು. ಡಿಸೆಂಬರಿಗೆ ಕೊನೆಯದೊಂದು. ನನಗೆ ಅಳು ಬಂತು, ತಪ್ಪನ್ನು ಹ್ಯಾಮಿನ ಸಾಸಿವೆಯ ಮೇಲೆ ಹಾಕಿ ಕಣ್ಣೊರೆಸಿಕೊಂಡೆ.

ಆಮೇಲೆ ಅಪ್ಪ ಎದ್ದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ನನ್ನ ಕಡೆ ತಿರುಗಿದ. ದೊಡ್ಡ ಸಭೆಯಲ್ಲಿ ನಿಂತವನ ದನಿ.

"ಪಾಲಿ, ಇವರು ಅರ್ಡಿಸ್."

ನಾಲ್ಕು ವರ್ಷದಿಂದ ನೋಡುತ್ತಿರುವ ಹೆಂಗಸಿಗೆ ನನ್ನನ್ನು ಪರಿಚಯಿಸುತ್ತಿದ್ದಾನೆ! ಏನು ಮಾಡಬೇಕೋ ತಿಳಿಯದೆ ನಾನೂ ಎದ್ದು ನಿಂತೆ.

"ವರ್ಷಕ್ಕೆ ಇನ್ನೂರ ಹತ್ತೊಂಬತ್ತು ದಿನ ನಾನು ಇವರ ಮನೇಲಿ ಊಟ ಮಾಡ್ತೀನಿ. ಮಿಕ್ಕ ದಿನ ಇಲ್ಲಿ ಕೂತು ಮೇಲಿಂದ ಹೆಜ್ಜೆ ಸದ್ದು ಕೇಳತ್ತಾ ಅಂತ ನೋಡ್ತೀನಿ. ನಿಮ್ಮಮ್ಮನ್ನ ಮರೆತಿಲ್ಲ ಮಗೂ. ಮರೆಯೋದೂ ಇಲ್ಲ. ಆದ್ರೆ ಇವರು ಹೋದ್ರೆ ನಂಗೆ ಆಗಲ್ಲ. ಇದನ್ನ ಚರ್ಚಿನ ನೆಲಮಾಳಿಗೇಲೇ ಹೇಳ್ಬೇಕಿತ್ತು. ಬರೋ ಶುಕ್ರವಾರ ಹೋಗಿ ಅಲ್ಲೇ ಹೇಳ್ತೀನಿ, ಎಲ್ಲರ ಎದುರಿಗೆ."

ನಾನು ಕೈ ಮುಂದೆ ಚಾಚಿದೆ. ಅರ್ಡಿಸ್ ಕುಲುಕಿದಳು. ಬಿಸಿನೀರಲ್ಲಿ ಬೆಂದು ಗಟ್ಟಿಯಾದ, ದೊಡ್ಡ ಕೈ. "ನಿಮ್ಮನ್ನ ನೋಡಿ ಸಂತೋಷ," ಅಂದೆ. ಅಷ್ಟೇ ಬಂತು ಬಾಯಿಗೆ. ಆದರೆ ಅದು ನಿಜವಾಗಿತ್ತು. ಕಾರಿನಲ್ಲಿ ಅತ್ತ ಅಷ್ಟೂ ಸಂಜೆ ಅಪ್ಪ ಯಾರದೋ ಬೆಚ್ಚಗಿನ ಅಡುಗೆಮನೆಯಲ್ಲಿದ್ದ ಅನ್ನುವುದು ಒಳಗೆ ಇಳಿದು ಹಾಯೆನಿಸತೊಡಗಿತ್ತು.

"ಈಗ ಸೊನ್ನೆ ಒತ್ತು ಕ್ಲೆಮ್," ಅಂದಳು ಅರ್ಡಿಸ್.

"ಸೊನ್ನೆ ಹೇಗೆ..."

"ಅವ್ರು ಕೇಳೋದು ಅವ್ರ ಲೆಕ್ಕ. ನಾನು ಬಾಡಿಗೆ ಕೊಟ್ಟಿದೀನಿ, ಮನೆ ನಂದು, ನಾನು ಕರೆದೆ, ನೀನು ಬಂದೆ. ಸರ್ಕಾರಕ್ಕೆ ಸೊನ್ನೆ. ಇನ್ನೂರ ಹತ್ತೊಂಬತ್ತು ನನ್ನ ಹತ್ರ ಬರೆದಿಟ್ಟಿದೆ, ಸಾಕಲ್ಲ?"

ಅಪ್ಪ ಆ ಮಾತನ್ನು ಎಲ್ಲ ಕಡೆಯಿಂದ ತೂಗಿ ನೋಡಿದ. ಸಹಾಯದ ಪುಟವನ್ನು ಮತ್ತೊಮ್ಮೆ ಓದಿದ. ಬಾಡಿಗೆ ದಿನ ಮುನ್ನೂರ ಅರವತ್ತೈದು, ಸ್ವಂತ ಬಳಕೆ ಸೊನ್ನೆ. ಮೂಲೆಯಲ್ಲಿ ಕೆಂಪು ಹೋಗಿ ಸಾವಿರದ ನೂರ ನಲವತ್ತು ಮತ್ತೆ ಹಸಿರಾಯಿತು. ಅದನ್ನು ನೋಡಿದವಳು ನಾನೊಬ್ಬಳೇ.

ಅಪ್ಪ ಮೇಜಿನ ಮೇಲಿದ್ದ ಕಾಗದ ಎತ್ತಿಕೊಂಡಿದ್ದ. "ಇದನ್ನೇನು ಮಾಡ್ಲಿ?"

"ಹರಿದು ಹಾಕಪ್ಪಾ," ಅಂದೆ.

"ಹರಿಯೋ ಹಾಗಿಲ್ಲ." ಅವನ ಮುಖದಲ್ಲಿ ನಿಜವಾದ ಸಂಕಟ. "ಬಾಡಿಗೆಗೆ ಸಂಬಂಧಪಟ್ಟ ಕಾಗದ. ಏಳು ವರ್ಷ ಇಡ್ಬೇಕು."

ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಅರ್ಡಿಸ್ ಅವನ ಕೈಯಿಂದ ಕಾಗದವನ್ನು ತೆಗೆದುಕೊಂಡು, ಶೂ ಡಬ್ಬಿಯಲ್ಲಿ ಬ್ಯಾಂಕಿನ ಬಡ್ಡಿ ಕಾಗದದ ಕೆಳಗೆ ಸರಿಯಾಗಿ ಇಟ್ಟು, ಮುಚ್ಚಳ ಹಾಕಿದಳು.

"ಏಳು ವರ್ಷ ಜೋಪಾನವಾಗಿರಲಿ," ಅಂದಳು. "ಇದೆಯೋ ಇಲ್ವೋ ಅಂತ ನಾನೇ ವರ್ಷಾ ವರ್ಷ ಬಂದು ನೋಡ್ತೀನಿ."

ಆಮೇಲೆ ತನ್ನ ಪಾಲಿನ ಮೂರು ಬನ್ನು ಎಣಿಸಿ ತಟ್ಟೆಗೆ ಹಾಕಿಕೊಂಡಳು.